ಕೇಸು ಗೆದ್ದ, ಹೆಸರು ಕಳ್ಕೊಂಡ: ವಿಸೆಂಟೆ ಲುಸಿಟಾನೊ ಪ್ರಕರಣ, ರೋಮ್ 1551

1551ರ ಜೂನ್ 7ನೇ ತಾರೀಖು ರೋಮಲ್ಲಿ, ಪೋಪರ ಅರಮನೆ ಚಾಪೆಲಿನ ಇಬ್ಬರು ಹಾಡುಗಾರರು ಒಂದು ತೀರ್ಪು ಬರೆದು ಸಹಿ ಹಾಕಿದ್ರು. ವಾದಿ ಪ್ರತಿವಾದಿ ಇಬ್ಬರೂ ಸಂಗೀತಗಾರರು, ಪಣ ಎರಡು ಸ್ಕೂಡಿ ಅನ್ನೋ ಚಿನ್ನದ ನಾಣ್ಯ, ಪ್ರಶ್ನೆ ಒಂದೇ: ಈಗ ನಾವೆಲ್ಲ ಚರ್ಚಲ್ಲಿ ಹಾಡ್ತಿದೀವಲ್ಲ, ಈ ಸಂಗೀತ ಯಾವ ವರ್ಗಕ್ಕೆ ಸೇರಿದ್ದು? ಗೆದ್ದವನು ವಿಸೆಂಟೆ ಲುಸಿಟಾನೊ. ಸೋತವನು ನಿಕೋಲಾ ವಿಚೆಂಟಿನೊ. ಇವತ್ತು ಸಂಗೀತ ಇತಿಹಾಸದ ಯಾವ ದಪ್ಪ ಪುಸ್ತಕ ತೆಗೆದ್ರೂ ವಿಚೆಂಟಿನೊಗೆ ಎರಡು ಮೂರು ಪುಟ ಇರತ್ತೆ, ಗೆದ್ದವನಿಗೆ ಅದರೊಳಗೆ ಒಂದು ಸಾಲು, ಅದೂ "ವಿಚೆಂಟಿನೊ ಜೊತೆ ವಾದ ಮಾಡಿದ ಪೋರ್ಚುಗೀಸನೊಬ್ಬ" ಅಂತ. ಇದು ಹೇಗಾಯ್ತು ಅನ್ನೋದೇ ನಾನಿಲ್ಲಿ ನೋಡಕ್ಕೆ ಹೊರಟಿರೋದು, ಯಾಕಂದ್ರೆ ಈ ಮನುಷ್ಯನ ಹಾಡು ಕೇಳಿದ್ಮೇಲೆ ಆ ಒಂದು ಸಾಲು ನನಗೆ ತುಂಬಾ ಅನ್ಯಾಯ ಅನ್ಸಿದೆ.

ಮೊದಲು ಆಳು ಯಾರು ಅಂತ ನೋಡೋಣ. ಲುಸಿಟಾನೊ ಅಂದ್ರೆ ಅದು ಮನೆತನದ ಹೆಸರೇ ಅಲ್ಲ, ಲುಸಿಟಾನಿಯಾದವನು ಅಂತ ಅರ್ಥ, ಅಂದ್ರೆ ಪೋರ್ಚುಗಲ್ಲಿನವನು. ಇಟಲಿಗೆ ಹೋದ್ಮೇಲೆ ಅಂಟಿದ ಗುರುತು ಅದು, ನಮ್ಮಲ್ಲೂ ಪರವೂರಿಗೆ ಹೋದವರನ್ನ ಊರ ಹೆಸರಲ್ಲೇ ಕೂಗ್ತಾರಲ್ಲ ಹಾಗೆ. ಹುಟ್ಟಿದ್ದು ಸುಮಾರು 1520ರ ಆಸುಪಾಸು, ಒಲಿವೆನ್ಸಾ ಅನ್ನೋ ಗಡಿ ಊರಲ್ಲಿ, ಆಗ ಅದು ಪೋರ್ಚುಗಲ್ಲಿಗೆ ಸೇರಿತ್ತು, 1801ರಿಂದ ಸ್ಪೇನ್ ಕೈಲಿದೆ. ಪಾದ್ರಿಯಾಗಿದ್ದ. ಪಾಡುವಾ ಮತ್ತು ವಿಟೆರ್ಬೊ ಊರುಗಳಲ್ಲಿ ಸಂಗೀತ ಪಾಠ ಹೇಳಿದ್ದ ಅಂತ ಪೋರ್ಚುಗೀಸ್ ಲೇಖಕರು ಬರೆದಿದಾರೆ. 17ನೇ ಶತಮಾನದ ಜೊಆವ್ ಫ್ರಾಂಕೊ ಬರೆಟೊ ಅನ್ನೋರ ಹಸ್ತಪ್ರತಿಯಲ್ಲಿ ಇವನ ಬಗ್ಗೆ ಎರಡು ಪದ ಇದೆ, "ಓಮೆಂ ಪಾರ್ದೊ" ಅಂತ. ಆ ಕಾಲದ ಪೋರ್ಚುಗಲ್ಲಲ್ಲಿ ಪಾರ್ದೊ ಅಂತ ಕರೀತಿದ್ದಿದ್ದು ಮಿಶ್ರ ಮೂಲದ ಕಂದು ಬಣ್ಣದವರನ್ನ. ಲಿಸ್ಬನ್ನಿಗೆ ಆಫ್ರಿಕಾದಿಂದ ಗುಲಾಮರನ್ನ ಹಡಗಲ್ಲಿ ತುಂಬಿ ತರ್ತಿದ್ದ ಕಾಲ ಅದು, ಹಾಗಾಗಿ ಇವನ ತಂದೆ ತಾಯಲ್ಲಿ ಒಬ್ಬರದು ಆಫ್ರಿಕಾ ಮೂಲ ಇರ್ಬೇಕು ಅಂತ ವಿದ್ವಾಂಸರು ಓದ್ತಾರೆ. ಈ ಎರಡು ಪದದ ಕತೆ ಮುಂದೆ ಇನ್ನೊಂದ್ಸಲ ಬರತ್ತೆ, ನೆನಪಲ್ಲಿರಲಿ.

ರೋಮಲ್ಲಿ ಇವನಿಗೆ ಆಸರೆ ಆಗಿದ್ದು ಪೋರ್ಚುಗಲ್ ರಾಯಭಾರಿ ಅಫೊನ್ಸೊ ದೆ ಲೆಂಕಾಸ್ತ್ರೆಯ ಮನೆತನ. ಆ ಮನೆ ಮಗ ದಿನಿಸ್‌ಗೆ ಅರ್ಪಿಸಿ 1551ರಲ್ಲೇ ತನ್ನ ಮೊದಲ ಪುಸ್ತಕ ಅಚ್ಚು ಹಾಕಿಸಿದ, "ಲಿಬರ್ ಪ್ರಿಮುಸ್ ಎಪಿಗ್ರಾಮಾಟುಂ", ಅಂದ್ರೆ ಮೊಟೆಟ್ಟುಗಳ ಮೊದಲ ಪುಸ್ತಕ. ಮೊಟೆಟ್ ಅಂದ್ರೆ ಲ್ಯಾಟಿನ್ ಭಕ್ತಿಪಠ್ಯಕ್ಕೆ ಹಲವು ದನಿ ಕೂಡಿಸಿ ಕಟ್ಟಿದ ಕೃತಿ. ಇದರಲ್ಲಿ 23 ಇದಾವೆ, ಐದು ದನಿಯವು, ಆರು ದನಿಯವು, ಎಂಟು ದನಿಯವು. ಮೊದಲ ಪುಸ್ತಕ ಅಂತ ಹೆಸರಿಟ್ಟ, ಎರಡನೇದು ಬರಲೇ ಇಲ್ಲ.

ಇಲ್ಲೊಂದು ವಿಷಯ ಸ್ವಲ್ಪ ಹತ್ರದಿಂದ ನೋಡ್ಬೇಕು. ಆಗ ಇಂಥ ಸಂಗೀತನ ಒಂದೇ ಪುಸ್ತಕದಲ್ಲಿ ಎಲ್ಲಾ ದನಿಗಳನ್ನ ಸಾಲಾಗಿ ಒಂದರ ಕೆಳಗೊಂದು ಅಚ್ಚು ಹಾಕ್ತಿರ್ಲಿಲ್ಲ. ಒಂದೊಂದು ದನಿಗೆ ಒಂದೊಂದು ಸಣ್ಣ ಪುಸ್ತಕ. ಮೇಲಿನ ದನಿ ಹಾಡೋನ ಕೈಲಿ ಅವನ ಸಾಲು ಮಾತ್ರ, ಕೆಳಗಿನ ದನಿ ಹಾಡೋನ ಕೈಲಿ ಅವನದು ಮಾತ್ರ, ತಾಳದ ಗೆರೆಗಳೂ ಇಲ್ಲ, ಪಕ್ಕದವನು ಏನು ಹಾಡ್ತಾನೆ ಅಂತ ಕಣ್ಣಿಗೆ ಕಾಣಲ್ಲ, ಕಿವಿಯಲ್ಲೇ ಹಿಡೀಬೇಕು. ಎಂಟು ದನಿಯ ಕೃತಿ ಅಂದ್ರೆ ಎಂಟು ಜನ ತಂತಮ್ಮ ಸಾಲು ಎಣಿಸ್ಕೊಂಡು ಹಾಡ್ತಾ ಒಟ್ಟಿಗೆ ಕೂಡೋದು. ಹಾಗಾಗಿ ಇದರಲ್ಲಿ ಒಂದು ದನಿಯ ಪುಸ್ತಕ ಕಳೆದುಹೋದ್ರೂ ಇಡೀ ಕೃತಿ ಊನ ಆಗತ್ತೆ, ಮತ್ತೆ ಯಾರಾದ್ರೂ ಕೂತು ಎಲ್ಲಾ ಸಾಲುಗಳನ್ನ ಒಂದು ಹಾಳೆ ಮೇಲೆ ಜೋಡಿಸೋ ತನಕ ಅದು ಕಪಾಟಲ್ಲಿ ಇದ್ರೂ ಇಲ್ಲದ ಹಾಗೆ. ಲುಸಿಟಾನೊ ಕೃತಿಗಳು ನಾಲ್ಕು ಶತಮಾನ ಬಹುತೇಕ ಹಾಗೇ ಇದ್ವು.

ಇನ್ನು ಜಗಳ. ಯಾರದೋ ಮನೇಲಿ ಸೇರಿದ್ದಾಗ "ರೆಜಿನಾ ಚೇಲಿ" ಅನ್ನೋ, ಯೇಸುವಿನ ತಾಯಿ ಮರಿಯಮ್ಮನವರ ಸ್ತುತಿ ಹಾಡಿದಾರೆ, ಈಸ್ಟರ್ ಕಾಲದಲ್ಲಿ ಹಾಡೋದು ಅದು. ಹಾಡು ಮುಗಿದ್ಮೇಲೆ ಮಾತು ಶುರುವಾಗಿದೆ, ವಿಚೆಂಟಿನೊ ಒಂದು ಮಾತು ಎಸೆದ: ನೀವು ಸಂಗೀತಗಾರರು ಏನು ಹಾಡ್ತಿದೀರಿ, ಅದು ಯಾವ ವರ್ಗದ್ದು ಅಂತ ನಿಮಗೇ ಗೊತ್ತಿಲ್ಲ. ಲುಸಿಟಾನೊ ಹೇಳಿದ, ನನಗೆ ಗೊತ್ತು, ಇದು ಡಯಾಟೋನಿಕ್. ಮಾತಿಗೆ ಮಾತು ಬೆಳೆದು ಪಣ ಕಟ್ಟಿದ್ರು, ಇಬ್ಬರು ತೀರ್ಪುಗಾರರನ್ನ ಒಪ್ಕೊಂಡ್ರು. ಒಬ್ಬರು ಸ್ಪೇನಿನ ಬಾರ್ತೊಲೊಮೆ ದೆ ಎಸ್ಕೊಬೆದೊ, ಇನ್ನೊಬ್ಬರು ಈಗಿನ ನೆದರ್ಲೆಂಡ್ಸ್ ಕಡೆಯ ಗಿಸೆಲಿನ್ ಡ್ಯಾಂಕರ್ಟ್ಸ್, ಇಬ್ಬರೂ ಪೋಪರ ಚಾಪೆಲಲ್ಲಿ ವರ್ಷಗಟ್ಟಲೆ ಹಾಡಿದ ಹಳಬರು.

ಈ ವರ್ಗ ಅಂದ್ರೇನು ಅನ್ನೋದು ಗೊತ್ತಾಗದೆ ಕೇಸು ಅರ್ಥ ಆಗಲ್ಲ, ಆದ್ರೆ ಕರ್ನಾಟಕ ಸಂಗೀತ ಸ್ವಲ್ಪ ಗೊತ್ತಿರೋರಿಗೆ ಇದು ಕಷ್ಟ ಇಲ್ಲ. ಗ್ರೀಕರು ಸಾ ಇಂದ ಮಾ ತನಕದ ಅಂತರನ ನಾಲ್ಕು ಸ್ವರದಲ್ಲಿ ತುಂಬಿಸೋ ಮೂರು ದಾರಿ ಹೇಳಿದ್ರು. ಡಯಾಟೋನಿಕ್ ಅಂದ್ರೆ ಮೊದಲು ಅರ್ಧ ಸ್ವರ, ಆಮೇಲೆ ಪೂರ್ತಿ ಸ್ವರ, ಮತ್ತೊಂದು ಪೂರ್ತಿ ಸ್ವರ. ನಮ್ಮ ಲೆಕ್ಕದಲ್ಲಿ ಷಡ್ಜ, ಶುದ್ಧ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಅಂದ್ರೆ ಹನುಮತೋಡಿಯ ಪೂರ್ವಾಂಗ. ಕ್ರೋಮ್ಯಾಟಿಕ್ ಅಂದ್ರೆ ಅರ್ಧ, ಮತ್ತೆ ಅರ್ಧ, ಆಮೇಲೆ ಒಂದು ದೊಡ್ಡ ಹಾರಿಕೆ, ಅದು ನೇರ ಕನಕಾಂಗಿಯ ಪೂರ್ವಾಂಗ ನೋಡಿ, ಶುದ್ಧ ರಿಷಭ ಶುದ್ಧ ಗಾಂಧಾರ ಒತ್ತೊತ್ತಾಗಿ ಕೂತು ಅಲ್ಲಿಂದ ಮಧ್ಯಮಕ್ಕೆ ಜಿಗಿತ. ಎನ್‌ಹಾರ್ಮೋನಿಕ್ ಅಂದ್ರೆ ಆ ಅರ್ಧ ಸ್ವರನ್ನೂ ಮತ್ತೆ ಎರಡು ಮಾಡಿ, ಎರಡು ಪುಟ್ಟ ಹೆಜ್ಜೆ ಇಟ್ಟು ಇನ್ನೂ ದೊಡ್ಡದಾಗಿ ಹಾರೋದು, ಹಾರ್ಮೋನಿಯಂ ಮನೆಗಳ ಮಧ್ಯದ ಜಾಗದಲ್ಲಿರೋ ಸ್ವರಗಳು ಅವು, ಒತ್ತಿ ತೋರ್ಸಕ್ಕಾಗಲ್ಲ.

ವಿಚೆಂಟಿನೊ ವಾದ ಹೀಗಿತ್ತು. ಈಗಿನ ಹಾಡುಗಳಲ್ಲಿ ಒಂದು ಸ್ವರ ಬಿಟ್ಟು ಹಾರೋದು ಎಲ್ಲಾ ಕಡೆ ಇದೆ, ಚಿಕ್ಕ ಹಾರಿಕೆ ಕ್ರೋಮ್ಯಾಟಿಕ್ಕಿನ ಲಕ್ಷಣ, ದೊಡ್ಡ ಹಾರಿಕೆ ಎನ್‌ಹಾರ್ಮೋನಿಕ್ಕಿನ ಲಕ್ಷಣ, ಹಾಗಾಗಿ ನಾವು ಹಾಡ್ತಿರೋದು ಮೂರೂ ಬೆರೆತ ಸಂಗೀತ. ಕೇಳಕ್ಕೆ ಚೆನ್ನಾಗಿದೆ. ಲುಸಿಟಾನೊ ಬೊಯೆಥಿಯಸ್ ಅನ್ನೋ ಹಳೇ ರೋಮನ್ ಪಂಡಿತನ ಪುಸ್ತಕ ಹಿಡಿದು ಕೂತ, ಸಾವಿರ ವರ್ಷ ಹಳೇದು, ಆಗಿನ ಎಲ್ಲಾ ಸಂಗೀತ ಶಾಸ್ತ್ರಕ್ಕೂ ಅದೇ ಆಧಾರಗ್ರಂಥ. ಅಲ್ಲಿ ಡಯಾಟೋನಿಕ್ ಅಂದ್ರೆ ಅರ್ಧ ಸ್ವರ, ಪೂರ್ತಿ ಸ್ವರ, ಪೂರ್ತಿ ಸ್ವರ ಹೀಗೆ ನಡೆಯೋದು ಅಂತ ಹೇಳಿದೆ, ನಮ್ಮ ಹಾಡು ಹಾಗೇ ನಡೆಯತ್ತೆ, ಅಷ್ಟೇ ವಿಷಯ. ಹಾರಿಕೆ ಇದ್ದ ಮಾತ್ರಕ್ಕೆ ವರ್ಗ ಬದಲಾಗಲ್ಲ, ಡಯಾಟೋನಿಕ್ಕಲ್ಲಿ ಹಾರಿದಾಗ ಮಧ್ಯದ ಸ್ವರ ಅಲ್ಲಿ ಇದ್ದೇ ಇದೆ, ಹಾಡುಗಾರ ದಾಟಿ ಹೋದ ಅಷ್ಟೆ. ಕ್ರೋಮ್ಯಾಟಿಕ್ಕಲ್ಲಿ ಆ ಮಧ್ಯದ ಸ್ವರಕ್ಕೆ ಜಾಗನೇ ಇಲ್ಲ. ತೋಡಿಯಲ್ಲಿ ಗಾಂಧಾರ ಬಿಟ್ಟು ರಿಷಭದಿಂದ ಮಧ್ಯಮಕ್ಕೆ ಹೋದ್ರೆ ರಾಗ ಬದಲಾಯ್ತಾ? ಇಲ್ವಲ್ಲ, ಹಾಗೆ. ನನಗಂತೂ ಲುಸಿಟಾನೊ ಮಾತೇ ಸರಿ ಕಾಣತ್ತೆ, ಬರೀ ಬೊಯೆಥಿಯಸ್ ಹೇಳಿದ ಅಂತ ಅಲ್ಲ, ಕಿವಿಗೂ ಅದು ಹೊಂದತ್ತೆ.

ವಾದ ನಡೆದದ್ದು ಸಣ್ಣ ಜಾಗದಲ್ಲಲ್ಲ. ಕಾರ್ಡಿನಲ್ ಇಪ್ಪೊಲಿಟೊ ದೆಸ್ತೆ ಎದುರಿಗೆ ನಡೀತು, ಆ ಕಾರ್ಡಿನಲ್ ವಿಚೆಂಟಿನೊನ ಪೋಷಕ, ಅಂದ್ರೆ ಎದುರಾಳಿಯ ಧಣಿ ಸಭೆಯ ಯಜಮಾನನ ಹಾಗೆ ಕೂತಿದಾನೆ, ಇವನು ಪರದೇಶದಿಂದ ಬಂದ ಕಂದು ಬಣ್ಣದ ಪಾದ್ರಿ, ಅದೇ ವರ್ಷ ಮೊದಲ ಪುಸ್ತಕ ಬಂದಿರೋದು. ಡ್ಯಾಂಕರ್ಟ್ಸ್‌ಗೆ ಇಬ್ಬರೂ ತಮ್ಮ ವಾದನ ಬರವಣಿಗೆಯಲ್ಲೂ ಕೊಟ್ರು. ತೀರ್ಪಲ್ಲಿ ಏನು ಹೇಳಿದ್ರು ಅಂದ್ರೆ, ವಿಚೆಂಟಿನೊ ತನ್ನ ಮಾತನ್ನ ಬಾಯಲ್ಲೂ ಸಾಬೀತು ಮಾಡಿಲ್ಲ, ಬರಹದಲ್ಲೂ ಮಾಡಿಲ್ಲ, ಪಣದ ದುಡ್ಡು ಅವನೇ ಕೊಡ್ಬೇಕು. ಧಣಿ ಯಾರಿದ್ರೂ ಇಬ್ಬರು ಹಾಡುಗಾರರು ತಮಗೆ ಕಂಡದ್ದನ್ನೇ ಬರೆದ್ರು, ಇದು ನನಗೆ ತುಂಬಾ ಹಿಡಿಸಿದ ಭಾಗ.

ಇದೇ ವರ್ಷ ಸೆಪ್ಟೆಂಬರಲ್ಲಿ ಪಾಲೆಸ್ಟ್ರೀನಾ ಅನ್ನೋ ತರುಣ ರೋಮಿಗೆ ಬಂದು ಸೇಂಟ್ ಪೀಟರ್ಸಿನ ಜೂಲಿಯಾ ಚಾಪೆಲಿನ ಹೊಣೆ ವಹಿಸ್ಕೊಂಡ. ಇವತ್ತು ಆ ಕಾಲದ ಚರ್ಚ್ ಸಂಗೀತ ಅಂದ್ರೆ ಜನ ಮೊದಲು ಹೇಳೋ ಹೆಸರು ಅದು. ಅವನ ಹೆಸರು ರೋಮಲ್ಲಿ ಇನ್ನೂ ಕೇಳ್ಬೇಕಿತ್ತು, ಅದೇ ವರ್ಷ ಲುಸಿಟಾನೊನ ಮೊಟೆಟ್ ಪುಸ್ತಕ ಅಚ್ಚಾಯ್ತು.

ಸರಿ, ಗೆದ್ದ. ಆಮೇಲೆ ಆಗಿದ್ದು ನೋಡಿ. 1555ರಲ್ಲಿ ವಿಚೆಂಟಿನೊ ಒಂದು ದೊಡ್ಡ ಪುಸ್ತಕ ಅಚ್ಚು ಹಾಕಿಸ್ದ, "ಲಾಂಟೀಕಾ ಮೂಸಿಕಾ", ಹಳೇ ಗ್ರೀಕ್ ಸಂಗೀತನ ಹೊಸ ಪದ್ಧತಿಗೆ ತರೋದು ಹೇಗೆ ಅಂತ. ಅದರಲ್ಲಿ ಈ ಇಡೀ ವಾದನ ತನ್ನ ಕಡೆಯಿಂದ ಹೇಳ್ಕೊಂಡ, ತೀರ್ಪನ್ನೂ ಸೇರಿಸಿದ, ತೀರ್ಪು ತಪ್ಪು ಅಂತ ವಾದಿಸಿದ. ಅಷ್ಟು ಸಾಲದು ಅಂತ, ಲುಸಿಟಾನೊ 1553ರಲ್ಲಿ ಬರೆದ ಪಾಠಪುಸ್ತಕದಲ್ಲಿ ಮೂರು ವರ್ಗಗಳ ಬಗ್ಗೆ ಹೇಳಿರೋದು ನನ್ನ ಮಾತೇ, ಅವನೇ ಕೊನೆಗೆ ನನ್ನ ದಾರಿಗೆ ಬಂದ ಅಂತ ಸೇರಿಸಿದ. ಡ್ಯಾಂಕರ್ಟ್ಸ್ ಇದಕ್ಕೆ ಸಿಟ್ಟಾಗಿ ಉದ್ದದ ಉತ್ತರ ಬರೆದ್ರು, ವಿಚೆಂಟಿನೊ ಅಚ್ಚು ಹಾಕಿಸಿರೋದು ನಡೆದದ್ದಕ್ಕೆ ಹೊಂದಲ್ಲ ಅಂತ. ಆದ್ರೆ ಆ ಉತ್ತರ ಹಸ್ತಪ್ರತಿಯಲ್ಲೇ ಉಳೀತು, ರೋಮಿನ ಗ್ರಂಥಾಲಯದಲ್ಲಿ. ಅಚ್ಚಾಗಿದ್ದು ಸೋತವನ ಕತೆ, ಅಚ್ಚಾಗದೆ ಉಳಿದದ್ದು ತೀರ್ಪು ಕೊಟ್ಟವನ ಕತೆ. ಮುಂದಿನವರು ಜಗಳದ ಬಗ್ಗೆ ಬರೀವಾಗ ಕೈಗೆ ಸುಲಭವಾಗಿ ಸಿಕ್ಕಿದ್ದನ್ನೇ ಎತ್ಕೊಂಡ್ರು.

ವಿಚೆಂಟಿನೊ ಬಗ್ಗೆ ನನಗೆ ಕೋಪ ಇಲ್ಲ, ಅವನು ನಿಜವಾಗ್ಲೂ ದೊಡ್ಡ ಕನಸುಗಾರ. ಆರ್ಕಿಚೆಂಬಾಲೊ ಅಂತ ಒಂದು ಕೀಬೋರ್ಡ್ ವಾದ್ಯ ಮಾಡಿಸ್ದ, ಒಂದು ಸ್ಥಾಯಿಗೆ 36 ಮನೆ, ನಮ್ಮ ಹಾರ್ಮೋನಿಯಂಗೆ 12 ಇರೋ ಜಾಗದಲ್ಲಿ. ಇಂಥ ವಾದ್ಯದ ಚಿತ್ರ ನೋಡಿದ ಯಾರಿಗಾದ್ರೂ ಅದರ ಬಗ್ಗೆ ಬರೀಬೇಕು ಅನ್ಸತ್ತೆ. ಹಾಗಾಗಿ ಇತಿಹಾಸದಲ್ಲಿ ಅವನು ಹೊಸತನದ ಮನುಷ್ಯ ಆದ, ಎದುರಿಗೆ ನಿಂತ ಲುಸಿಟಾನೊ ತಾನಾಗೇ ಹಳೇ ಕಾಲದ ಪಂಡಿತ ಆಗ್ಬಿಟ್ಟ. ಈ ಹಣೆಪಟ್ಟಿನೇ ನನ್ನ ತಕರಾರು.

ಯಾಕಂದ್ರೆ ಅವನ 1553ರ ಪಾಠಪುಸ್ತಕ ಒಣ ಪಾಂಡಿತ್ಯದ್ದಲ್ಲ, ಹಾಡೋರ ಕೈಪಿಡಿ. "ಇಂಟ್ರೊಡುಟ್ಸಿಯೋನೆ ಫಾಚಿಲಿಸ್ಸಿಮಾ", ಅತಿ ಸುಲಭದ ಪ್ರವೇಶಿಕೆ ಅಂತ ಹೆಸರು, ರೋಮಲ್ಲಿ ಒಂದ್ಸಲ, ವೆನಿಸಲ್ಲಿ 1558 ಮತ್ತು 1561ರಲ್ಲಿ ಮತ್ತೆರಡು ಸಲ ಅಚ್ಚಾಯ್ತು, ಅಂದ್ರೆ ಜನ ಕೊಂಡು ಓದ್ತಿದ್ರು. ಅದರಲ್ಲಿರೋ ಮುಖ್ಯ ವಿದ್ಯೆ ಮನೋಧರ್ಮದ್ದು: ಚರ್ಚಿನ ಹಳೇ ಮಂತ್ರದ ಧಾಟಿನ ಒಬ್ಬ ಉದ್ದುದ್ದ ಸ್ವರದಲ್ಲಿ ಹಾಡ್ತಾ ಇರೋವಾಗ, ಇನ್ನೊಬ್ಬ, ಮತ್ತೊಬ್ಬ, ಬರೆದ ಕಾಗದ ಇಲ್ಲದೆ ಅಲ್ಲೇ ನಿಂತು ಅದರ ಮೇಲೆ ತಮ್ಮ ದನಿ ಕಟ್ಟೋದು. ಒಬ್ಬನೇ ಕಟ್ಟೋದು ಒಂದು, ಹಲವರು ಒಟ್ಟಿಗೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೀದ ಹಾಗೆ ಕಟ್ಟೋದು ಇನ್ನೊಂದು, ಎರಡನೇದಕ್ಕೆ ಎಷ್ಟು ತಯಾರಿ ಬೇಕು ಅಂತ ಯೋಚಿಸಿ. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸ್ಪ್ಯಾನಿಷ್ ಭಾಷೆಯ ಒಂದು ಹಸ್ತಪ್ರತಿ ಇದೆ, ಇದೇ ವಿದ್ಯೆನ ಇನ್ನೂ ವಿಸ್ತಾರವಾಗಿ ಹೇಳೋದು. 1913ರಲ್ಲಿ ಅದನ್ನ ಪ್ರಕಟಿಸಿದಾಗ ಯಾರು ಬರೆದದ್ದು ಅಂತ ಹೆಸರಿಲ್ಲದೆ ಬಂತು. ಈಗ ಅದು ಲುಸಿಟಾನೊದೇ ಅಂತ ಗುರುತಿಸಿ, ಫಿಲಿಪ್ ಕಾಂಗಿಲೆಂ ಅನ್ನೋ ಫ್ರೆಂಚ್ ವಿದ್ವಾಂಸರು 2013ರಲ್ಲಿ ಅದರ ಮೇಲೆ ಪುಸ್ತಕನೇ ತಂದಿದಾರೆ.

ಅವನ ಬದುಕಿನ ಮುಂದಿನ ತಿರುವು ಇನ್ನೂ ದೊಡ್ಡದು. 1561ರ ಹೊತ್ತಿಗೆ ಅವನು ಪ್ರಾಟೆಸ್ಟೆಂಟ್ ಆಗಿದಾನೆ, ಮದುವೇನೂ ಆಗಿದೆ. ಕ್ಯಾಥೊಲಿಕ್ ಪಾದ್ರಿ, ಪೋಪರ ಊರಲ್ಲಿ ಹೆಸರು ಮಾಡಿದವನು, ಮತ ತಪ್ಪಿದವರನ್ನ ವಿಚಾರಣೆ ಮಾಡೋ ಚರ್ಚಿನ ನ್ಯಾಯಾಲಯ, ರೋಮಿನ ಇನ್‌ಕ್ವಿಸಿಷನ್, 1542ರಿಂದ ಕೆಲಸ ಮಾಡ್ತಿರೋ ಕಾಲ, 1555ರಲ್ಲಿ ಪೋಪ್ ನಾಲ್ಕನೇ ಪೌಲ್ ತನ್ನ ಚಾಪೆಲಿಂದ ಮದುವೆಯಾದ ಹಾಡುಗಾರರನ್ನೇ ತೆಗೆದುಹಾಕಿದ್ದ, ಅವರಲ್ಲಿ ಪಾಲೆಸ್ಟ್ರೀನಾನೂ ಒಬ್ಬ. ಹಾಡುಗಾರನಿಗೇ ಹೀಗಾದ್ರೆ ಪಾದ್ರಿ ಮದುವೆಯಾದ್ರೆ ಅಲ್ಲಿ ಉಳಿಯೋ ಮಾತೇ ಇಲ್ಲ. ಆಲ್ಪ್ಸ್ ದಾಟಿ ಜರ್ಮನಿಗೆ ಹೋದ. ಪಿಯೆಟ್ರೊ ಪಾವೊಲೊ ವೆರ್ಜೇರಿಯೊ ಅಂತ ಒಬ್ಬರಿದ್ರು, ಮೊದಲು ಕ್ಯಾಥೊಲಿಕ್ ಬಿಷಪ್ಪಾಗಿದ್ದು ತಾವೂ ಮತ ಬಿಟ್ಟು ಬಂದವರು, ಅವರು ವ್ಯುರ್ಟೆಂಬೆರ್ಗಿನ ಡ್ಯೂಕ್ ಕ್ರಿಸ್ಟೊಫ್‌ಗೆ ಇವನ ಪರವಾಗಿ ಪತ್ರ ಬರೆದ್ರು, ಸ್ಟುಟ್‌ಗಾರ್ಟ್ ಆಸ್ಥಾನದಲ್ಲಿ ಕೆಲಸ ಕೊಡಿ ಅಂತ. ಕೃತಿಗಳಿಗೆ ದುಡ್ಡು ಸಿಕ್ತು, ಕೆಲಸ ಸಿಗಲಿಲ್ಲ. ಈ ಕಾಲದ್ದು ಅಂತ ಗುರುತಿಸಿರೋ "ಬೆಯಾಟಿ ಓಮ್ನೆಸ್" ಅನ್ನೋ ಕೀರ್ತನೆ ಇದೆ. ದೇವರಿಗೆ ಭಯಪಡೋ ಗಂಡಸಿನ ಮನೆ ಹೇಗಿರತ್ತೆ, ಹೆಂಡತಿ ಫಲ ತುಂಬಿದ ದ್ರಾಕ್ಷಿ ಬಳ್ಳಿ ಹಾಗೆ, ಮಕ್ಕಳು ಊಟದ ಮೇಜಿನ ಸುತ್ತ ಆಲಿವ್ ಸಸಿಗಳ ಹಾಗೆ ಅಂತ ಹೇಳೋ ಬೈಬಲ್ಲಿನ ಹಾಡು ಅದು. ಹೊಸದಾಗಿ ಸಂಸಾರಿಯಾದ ಮಾಜಿ ಪಾದ್ರಿ ಈ ಪದಗಳಿಗೆ ಸ್ವರ ಕೂರಿಸ್ತಿದ್ದಾಗ ಏನು ಅನ್ಸಿರ್ಬೋದು ಅಂತ ನಾನು ತುಂಬಾ ಸಲ ಯೋಚ್ನೆ ಮಾಡಿದೀನಿ. ಅಲ್ಲಿಂದ ಮುಂದೆ ದಾಖಲೆಗಳಲ್ಲಿ ಅವನಿಲ್ಲ.

ಈಗ ಪ್ರಕರಣದ ಇನ್ನೊಂದು ಮುಖ, ಮರೆವು. ವಿಚೆಂಟಿನೊ ಪುಸ್ತಕ ಒಂದು ಕಾರಣ ಆಯ್ತು, ಆದ್ರೆ ಅದೊಂದೇ ಇಷ್ಟು ಕೆಲಸ ಮಾಡಕ್ಕಾಗಲ್ಲ. ಮತ ಬಿಟ್ಟವನ ಹಾಡನ್ನ ಕ್ಯಾಥೊಲಿಕ್ ಚಾಪೆಲುಗಳು ಯಾಕೆ ಕಾಪಾಡ್ತಾವೆ? ಜರ್ಮನಿಯಲ್ಲಿ ಕೆಲಸ ಸಿಗದವನನ್ನ ಅಲ್ಲಿನವರಾದ್ರೂ ಯಾಕೆ ತಮ್ಮವನು ಅಂತಾರೆ? ಶಿಷ್ಯರಿರೋ ಗಾದಿ ಇಲ್ಲ, ಕಾಯೋ ಆಸ್ಥಾನ ಇಲ್ಲ. ಪೋರ್ಚುಗಲ್ಲಲ್ಲಿ 18ನೇ ಶತಮಾನದಲ್ಲಿ ಬರ್ಬೋಸಾ ಮಶಾದೊ ಅನ್ನೋರು ದೇಶದ ಲೇಖಕರ ದೊಡ್ಡ ಕೋಶ ಮಾಡಿದ್ರು, ಅದರಲ್ಲಿ ಲುಸಿಟಾನೊ ಇದಾನೆ, ಆದ್ರೆ ಆಗಲೇ ಹೇಳಿದ್ನಲ್ಲ ಆ ಎರಡು ಪದ, "ಓಮೆಂ ಪಾರ್ದೊ", ಅದು ಬಿಟ್ಟುಹೋಗಿದೆ. ಮುಂದಿನವರೆಲ್ಲ ಓದಿದ್ದು ಅಚ್ಚಾದ ಕೋಶನ, ಹಸ್ತಪ್ರತಿನ ಅಲ್ಲ. ಇಲ್ಲೂ ಮತ್ತೆ ಅದೇ ಆಯ್ತು, ಅಚ್ಚಾದದ್ದರಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಅಂತಾಯ್ತು.

ಅವನನ್ನ ವಾಪಸ್ ತಂದವರು ಕೆಲವೇ ಜನ. 1977ರಲ್ಲಿ ಮರಿಯಾ ಆಗುಸ್ಟಾ ಆಲ್ವೆಸ್ ಬರ್ಬೋಸಾ ಅವನ ಮೇಲೆ ಇಡೀ ಪುಸ್ತಕ ತಂದ್ರು. 1982ರಲ್ಲಿ ಅಮೆರಿಕದ ರಾಬರ್ಟ್ ಸ್ಟೀವನ್‌ಸನ್ ಆ ಎರಡು ಪದಗಳನ್ನ ಮತ್ತೆ ಬೆಳಕಿಗೆ ಹಿಡಿದು, ಕೃತಿಗಳು ಅಚ್ಚಾದ ಕಪ್ಪು ಮೂಲದ ಸಂಯೋಜಕರಲ್ಲಿ ನಮಗೆ ಗೊತ್ತಿರೋ ಮೊದಲಿಗ ಇವನೇ ಅಂತ ಬರೆದ್ರು. ಅದಾದ್ಮೇಲೂ ನಲವತ್ತು ವರ್ಷ ಹೆಚ್ಚೇನೂ ಆಗಲಿಲ್ಲ. 2020ರ ನಂತರ ಲಂಡನ್ನಿನ ಕಡೆ ತಂಡಗಳು ಹಾಡಕ್ಕೆ ಶುರು ಮಾಡಿದ್ವು, 2022ರಲ್ಲಿ ಮರಿಯನ್ ಕನ್ಸೋರ್ಟ್ ತಂಡ ಪೂರ್ತಿ ಅವನ ಮೊಟೆಟ್ಟುಗಳದೇ ಒಂದು ಆಲ್ಬಂ ತಂತು. ಅದು ಬಂದಿದ್ದರಿಂದ ನಾವು ಮನೇಲಿ ಕೂತು ಕೇಳಬಹುದು, ಇಲ್ಲದಿದ್ರೆ ಇದೆಲ್ಲ ಬರೀ ಓದೋ ವಿಷಯ ಆಗಿರ್ತಿತ್ತು.

ಕೊನೇದಾಗಿ ಹಾಡಿಗೇ ಬರ್ತೀನಿ, ಯಾಕಂದ್ರೆ ಈ ಕೇಸಿನ ಅತಿ ಗಟ್ಟಿ ಸಾಕ್ಷಿ ಅಲ್ಲೇ ಇದೆ ಅಂತ ನನ್ನ ಅಭಿಪ್ರಾಯ. "ಹೇಯು ಮೇ ಡೊಮಿನೆ" ಅಂತ ನಾಲ್ಕು ದನಿಯ ಒಂದು ಸಣ್ಣ ಕೃತಿ. ಅಯ್ಯೋ ದೇವರೇ, ಬದುಕಲ್ಲಿ ತುಂಬಾ ಪಾಪ ಮಾಡಿದೀನಿ, ಏನು ಮಾಡ್ಲಿ, ಎಲ್ಲಿಗೆ ಓಡ್ಲಿ, ನಿನ್ನ ಹತ್ರ ಅಲ್ಲದೆ ಅಂತ ಪಠ್ಯ, ಸತ್ತವರಿಗಾಗಿ ಮಾಡೋ ಪ್ರಾರ್ಥನೆಯದು. ಇದು ಪೂರ್ತಿ ಕ್ರೋಮ್ಯಾಟಿಕ್. ದನಿಗಳು ಒಂದೊಂದಾಗಿ ಅರ್ಧರ್ಧ ಸ್ವರ ಹತ್ತುತ್ತಾ ಹೋಗ್ತವೆ, ಕಾಲ ಕೆಳಗಿನ ಮೆಟ್ಟಿಲು ಸ್ವಲ್ಪ ಸ್ವಲ್ಪನೇ ಜರುಗ್ತಿರೋ ಹಾಗೆ, ಎಲ್ಲಿ ನಿಲ್ಲತ್ತೆ ಗೊತ್ತಾಗಲ್ಲ. ನಾನು ಮೊದಲ ಸಲ ಕೇಳಿದಾಗ ಇದು 16ನೇ ಶತಮಾನದ್ದಾ ಅಂತ ಮತ್ತೆ ಹೆಸರು ನೋಡಿದೆ. ಡಯಾಟೋನಿಕ್ ಪರ ವಾದಿಸಿ ಗೆದ್ದವನೇ ಇದನ್ನ ಬರೆದ. ಇದರಲ್ಲಿ ವಿರೋಧ ಇದೆ ಅಂತ ಕೆಲವರಿಗೆ ಅನ್ಸಬಹುದು, ನನಗೆ ಹಾಗನ್ಸಲ್ಲ. ಕ್ರೋಮ್ಯಾಟಿಕ್ ಆಗಲ್ಲ ಅಂತ ಅವನು ಯಾವತ್ತೂ ಹೇಳಿರ್ಲಿಲ್ಲ, ನಾವು ದಿನಾ ಹಾಡೋದು ಅದಲ್ಲ ಅಂತ ಹೇಳಿದ್ದ. ನಿಜವಾದ ಕ್ರೋಮ್ಯಾಟಿಕ್ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತಿದ್ದವನಿಗೆ ಮಾತ್ರ ಅದಲ್ಲದ್ದನ್ನ ಅದಲ್ಲ ಅನ್ನಕ್ಕಾಗೋದು.

ಕೇಳೋರು ಇದಾದ ತಕ್ಷಣ "ಇನ್ವಿಯೊಲಾಟಾ" ಹಾಕ್ಕೊಳ್ಳಿ. ಅವನಿಗಿಂತ ಎರಡು ತಲೆಮಾರು ಹಿಂದಿನ ಜೋಸ್ಕಿನ್ ದೆ ಪ್ರೆ ಬರೆದ ಐದು ದನಿಯ ಹೆಸರಾಂತ ಕೃತಿನ ತಳಪಾಯ ಮಾಡ್ಕೊಂಡು ಲುಸಿಟಾನೊ ಎಂಟು ದನಿಗೆ ಬೆಳೆಸಿದ್ದು, ಮರಿಯಮ್ಮನ ಸ್ತುತಿ, ನೆಲ ಗಟ್ಟಿಯಾಗಿರೋ ಡಯಾಟೋನಿಕ್. ಮೊದಲು ಇಯರ್‌ಫೋನಲ್ಲಿ ಒಂದೇ ದನಿ ಹಿಡಿದು ಕೊನೇತನಕ ಹಿಂಬಾಲಿಸಿ, ಎರಡನೇ ಸಲ ಇನ್ನೊಂದು ದನಿ. ಮೂರನೇ ಸಲದಲ್ಲಿ ಎಂಟೂ ಒಟ್ಟಿಗೆ ಕೇಳಕ್ಕೆ ಶುರುವಾಗತ್ತೆ.